ಕಲ್ಪವೃಕ್ಷದ ನಾಡಿನಿಂದ ಆಕಾಶದ ಪಂಕ್ತಿಗೆ

ತುಮಕೂರನ್ನು ಬಿಟ್ಟು ಪಶ್ಚಿಮಾಭಿಮುಖವಾಗಿ ಹೊರಟ ರೈಲುಗಾಡಿಯು ಗುಬ್ಬಿ, ನಿಟ್ಟೂರುಗಳನ್ನು ದಾಟಿ ಕರಡಿಯತ್ತ ಸಾಗುತ್ತಿದ್ದಂತೆ ನೆಲದ ಬಣ್ಣ ಕೆಂಪಾಗುತ್ತದೆ, ಕಣ್ಣಿನ ಮುಂದೆ ಹಸಿರು ಎತ್ತರವಾಗುತ್ತದೆ. ಎಡಕ್ಕೆ ತುರುವೇಕೆರೆಯ ಸೀಮೆ, ಬಲಕ್ಕೆ ಚಿಕ್ಕನಾಯಕನಹಳ್ಳಿಯ ಸೀಮೆ, ಮುಂದೆ ತಿಪಟೂರು. ಈ ಮೂರು ತಾಲ್ಲೂಕುಗಳನ್ನು ಒಂದೇ ನಾಡನ್ನಾಗಿ ಹೆಣೆದಿರುವುದು ತೆಂಗಿನ ಮರ. ಕಂದಾಯ ಇಲಾಖೆಯ ಗಡಿಕಲ್ಲುಗಳು ಬೇರೆ ಬೇರೆ ಇರಬಹುದು. ತೋಟದ ಸಾಲುಗಳಿಗೆ ಆ ಗಡಿಗಳ ಪರಿವೆ ಇಲ್ಲ. ಅರಳಗುಪ್ಪೆಯ ಪ್ರಾಚೀನ ಕಲ್ಲೇಶ್ವರನ ಗುಡಿಯ ಬಳಿ ನಿಂತರೂ, ನೊಣವಿನಕೆರೆಯ ಏರಿಯ ಮೇಲೆ ನಿಂತರೂ, ಹುಳಿಯಾರಿನ ರಸ್ತೆಯಲ್ಲಿ ನಿಂತರೂ ದಿಗಂತದಲ್ಲಿ ಕಾಣುವುದು ಅದೇ ಸೋಗೆಗಳ ಅಲೆ.

ಈ ನಾಡಿನ ಮನೆಗಳಲ್ಲಿ ಅಟ್ಟವೆಂಬುದು ಬರಿಯ ಸಾಮಾನಿಡುವ ಜಾಗವಲ್ಲ. ಬಲಿತ ಕಾಯಿಗಳನ್ನು ಅಟ್ಟಕ್ಕೇರಿಸಿ ಎಂಟು ತಿಂಗಳಿನಿಂದ ಒಂದು ವರ್ಷದವರೆಗೆ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಕಾಯಿಯನ್ನು ಅಲುಗಿಸಿದರೆ ಲೊಟಲೊಟನೆ ಸದ್ದು ಬಂದಾಗ ಕೊಬ್ಬರಿ ಆಯಿತೆಂದು ಅರ್ಥ. ಆಗ ಮಟ್ಟೆ ಸುಲಿದು, ಕರಟವನ್ನು ಒಡೆದು, ಇಡಿಯಾಗಿ ಹೊರತೆಗೆದ ಉಂಡೆ ಕೊಬ್ಬರಿಯು ತಿಪಟೂರಿನ ಮಾರುಕಟ್ಟೆಗೆ ಬಂದು, ಹರಾಜಾಗಿ, ಉತ್ತರ ಭಾರತದ ಹಬ್ಬಹರಿದಿನಗಳಿಗೆ, ಮದುವೆಗಳಿಗೆ ಹೊರಡುತ್ತದೆ. ೨೦೨೫ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲೊಂದಕ್ಕೆ ೧೨,೧೦೦ ರೂಪಾಯಿಗಳ ಬೆಂಬಲ ಬೆಲೆಯನ್ನು ಘೋಷಿಸಿತು. ಈ ಸೀಮೆಯ ಮಕ್ಕಳ ಓದು, ಹೆಣ್ಣುಮಕ್ಕಳ ಮದುವೆ, ಬಾವಿಯ ಸಾಲ, ಎಲ್ಲವೂ ಆ ಅಟ್ಟದಿಂದಲೇ ಇಳಿದು ಬಂದವು.

ಅಟ್ಟದಷ್ಟೇ ಮುಖ್ಯವಾದ ಇನ್ನೊಂದು ವಸ್ತು ಈ ಮನೆಗಳಲ್ಲಿದೆ, ಅದು ಬುತ್ತಿ. ಎಡೆಯೂರಿನ ಜಾತ್ರೆಗೆ ಹೊರಡಲಿ, ಸಿದ್ಧಗಂಗೆಯ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗಲಿ, ಅರಸೀಕೆರೆಯಲ್ಲಿ ರೈಲು ಬದಲಿಸಿ ಹುಬ್ಬಳ್ಳಿಗೆ ಹೋಗಲಿ, ಬುತ್ತಿ ಇಲ್ಲದೆ ಹೊಸಿಲು ದಾಟಿದವರಿಲ್ಲ. ಬಾಳೆಯೆಲೆಯಲ್ಲಿ ಕಟ್ಟಿದ ಮೊಸರನ್ನ, ಒಣರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ, ಒಂದು ಗಿಟುಕು ಕೊಬ್ಬರಿ, ಒಂದು ಅಚ್ಚು ಬೆಲ್ಲ. ದಾರಿಯಲ್ಲಿ ಹಸಿದವರು ಎದುರಾದರೆ ಅವರಿಗೂ ಒಂದು ತುತ್ತು ಎಂಬ ಲೆಕ್ಕದಲ್ಲಿಯೇ ಅದನ್ನು ಕಟ್ಟುತ್ತಿದ್ದರು. ಇನ್ನು ಸಿದ್ಧಗಂಗೆಯಂತಹ ಕ್ಷೇತ್ರಗಳಲ್ಲಿ ಬಂದವರಿಗೆ ಮೊದಲು ಎಲೆ ಹಾಕಿ ಆಮೇಲೆ ಊರು ಯಾವುದೆಂದು ಕೇಳುವ ಪದ್ಧತಿ. ಅನ್ನವನ್ನು ಕೇಳಿ ಪಡೆಯಬೇಕು, ಬೆಲೆ ತೆತ್ತು ಪಡೆಯಬೇಕು ಎಂಬ ಭಾವನೆಯೇ ನಮ್ಮ ಹಿರಿಯರಿಗೆ ಅಪರಿಚಿತವಾಗಿತ್ತು.

ಈ ಮಾತುಗಳನ್ನು ಪೀಠಿಕೆಯಾಗಿ ಹೇಳುವುದಕ್ಕೆ ಕಾರಣವಿದೆ. ಇಂದು ತೆಂಗಿನ ನಾಡಿನ ಅನೇಕ ಮನೆಗಳ ಮಕ್ಕಳು ದುಬೈ, ಮಸ್ಕತ್, ಸಿಂಗಪುರ, ಕೌಲಾಲಂಪುರಗಳಲ್ಲಿ ನೆಲೆಸಿದ್ದಾರೆ. ಬಾಣಂತನಕ್ಕೆಂದು, ಮೊಮ್ಮಗುವಿನ ನಾಮಕರಣಕ್ಕೆಂದು ಅರುವತ್ತು ಎಪ್ಪತ್ತರ ವಯಸ್ಸಿನ ತಂದೆತಾಯಿಗಳು, ಜೀವಮಾನದಲ್ಲಿ ಮೊದಲ ಬಾರಿಗೆ, ವಿಮಾನವನ್ನೇರುತ್ತಿದ್ದಾರೆ. ಮಕ್ಕಳು ಕಳುಹಿಸುವ ಟಿಕೇಟು ಬಹುಮಟ್ಟಿಗೆ ಅಗ್ಗದ ದರದ ವಿಮಾನಗಳದ್ದು. ಮೂರು ನಾಲ್ಕು ಗಂಟೆಯ ಪ್ರಯಾಣಕ್ಕೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಟಿಕೇಟಿನ ಬೆಲೆಯಲ್ಲಿ ಊಟ ಸೇರಿರುವುದಿಲ್ಲ ಎಂಬ ಸಂಗತಿಯನ್ನು ಮಕ್ಕಳು ಹೇಳಲು ಮರೆಯುತ್ತಾರೆ. ಹಿರಿಯರಿಗೆ ಕೇಳಲು ತೋಚುವುದಿಲ್ಲ.

ಒಂದು ಸಣ್ಣ ಲೆಕ್ಕವನ್ನು ಗಮನಿಸೋಣ. ತಿಪಟೂರಿನಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನನಿಲ್ದಾಣಕ್ಕೆ ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರಗಳ ಮೇಲೆ ಸುಮಾರು ೧೫೦ ಕಿಲೋಮೀಟರ್ ದೂರ. ಬೆಳಗಿನ ಆರು ಗಂಟೆಗೆ ವಿಮಾನವಿದ್ದರೆ ವಿದೇಶ ಪ್ರಯಾಣಿಕರು ಮೂರು ಗಂಟೆ ಮೊದಲೇ ಅಲ್ಲಿರಬೇಕು. ಅಂದರೆ ಮನೆಯನ್ನು ರಾತ್ರಿ ಹನ್ನೊಂದೂವರೆಗೆ ಬಿಡಬೇಕು. ರಾತ್ರಿಯ ಊಟ ಎಂಟೂವರೆಗೆ ಮುಗಿದಿರುತ್ತದೆ. ದುಬೈಗೆ ನಾಲ್ಕು ಗಂಟೆಯ ಹಾರಾಟ. ಅಲ್ಲಿ ಇಳಿದು, ತಪಾಸಣೆ ಮುಗಿಸಿ, ಮಗಳ ಮನೆಯ ತಟ್ಟೆಯ ಮುಂದೆ ಕುಳಿತುಕೊಳ್ಳುವ ಹೊತ್ತಿಗೆ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನದ ಹನ್ನೆರಡು. ಹದಿನೈದೂವರೆ ಗಂಟೆಗಳ ಕಾಲ ಒಡಲಿಗೆ ಅನ್ನವಿಲ್ಲ. ಆರೋಗ್ಯವಂತರಿಗೆ ಇದು ಒಂದು ಉಪವಾಸ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿರುವ ಹಿರಿಯರಿಗೆ ಇದು ಅಪಾಯ.

ಆಕಾಶದ ಊಟದ ಹಿನ್ನೆಲೆ

ವಿಮಾನದಲ್ಲಿ ಊಟವನ್ನು ಮಾರುವುದು ಇತ್ತೀಚಿನ ಕಲಿಗಾಲದ ಪದ್ಧತಿಯೆಂದು ಹಲವರು ತಿಳಿದಿದ್ದಾರೆ. ಇತಿಹಾಸ ಬೇರೆಯೇ ಇದೆ. ವಿಮಾನ ಪ್ರಯಾಣಿಕರಿಗೆ ಊಟವನ್ನು ಮೊತ್ತಮೊದಲು ಒದಗಿಸಿದ್ದು ೧೯೧೯ರ ಅಕ್ಟೋಬರ್ ತಿಂಗಳಲ್ಲಿ, ಲಂಡನ್‌ನಿಂದ ಪ್ಯಾರಿಸ್‌ಗೆ ಹಾರುತ್ತಿದ್ದ ಹ್ಯಾಂಡ್ಲಿ ಪೇಜ್ ಸಂಸ್ಥೆಯ ವಿಮಾನದಲ್ಲಿ. ಅದೊಂದು ತಣ್ಣನೆಯ ಊಟದ ಡಬ್ಬಿ. ಅದರ ಬೆಲೆ ಮೂರು ಷಿಲಿಂಗ್. ಎಂದರೆ ಪ್ರಪಂಚದ ಪ್ರಥಮ ವೈಮಾನಿಕ ಭೋಜನವು ಒಂದು ಕಿರುದಾರಿಯ ವಿದೇಶೀ ಹಾರಾಟದಲ್ಲಿಯೇ ಬಡಿಸಲ್ಪಟ್ಟಿತು, ಮತ್ತು ಅದನ್ನು ಹಣ ಕೊಟ್ಟೇ ಪಡೆಯಬೇಕಾಗಿತ್ತು. ಉಚಿತ ಭೋಜನವು ಆನಂತರ ಬಂದ ವೈಭವ.

ನಮ್ಮ ದೇಶದಲ್ಲಿ ಬಹುಕಾಲ ಇಂಡಿಯನ್ ಏರ್‌ಲೈನ್ಸ್ ಒಂದೇ ಒಳನಾಡಿನ ವಿಮಾನಗಳನ್ನು ನಡೆಸುತ್ತಿತ್ತು. ಹೊರಡುವ ಮುನ್ನ ಗಗನಸಖಿಯು ತಟ್ಟೆಯಲ್ಲಿ ಪೆಪ್ಪರಮೆಂಟು ಮತ್ತು ಕಿವಿಗೆ ಹತ್ತಿಯನ್ನು ತಂದು ನೀಡುತ್ತಿದ್ದುದನ್ನು ಹಿರಿಯ ಪ್ರಯಾಣಿಕರು ಇಂದಿಗೂ ನೆನೆಯುತ್ತಾರೆ. ಚೀಪುತ್ತ, ಉಗುಳು ನುಂಗುತ್ತ ಇದ್ದರೆ ಏರುವಾಗ ಇಳಿಯುವಾಗ ಕಿವಿಯೊಳಗಿನ ಒತ್ತಡ ಸರಿಹೋಗುತ್ತದೆಂಬ ಶಾಸ್ತ್ರ ಅದರ ಹಿಂದಿತ್ತು. ಟಿಕೇಟು ದುಬಾರಿಯಾಗಿದ್ದ ಆ ಕಾಲದಲ್ಲಿ ಊಟವೂ ಅದರಲ್ಲಿಯೇ ಅಡಗಿತ್ತು. ಅಂದು ವಿಮಾನವೇರಿದವರು ಎಷ್ಟು ಜನ? ನಮ್ಮ ಸೀಮೆಯ ಹಳ್ಳಿಗಳಲ್ಲಂತೂ ಬೆರಳಿನಲ್ಲಿ ಎಣಿಸಬಹುದಾಗಿತ್ತು.

ಈ ಸ್ಥಿತಿಯನ್ನು ಬದಲಿಸಿದವರು ತೆಂಗಿನ ನಾಡಿನ ನೆರೆಯವರೇ ಎಂಬುದು ಅಭಿಮಾನದ ಸಂಗತಿ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು ಸೈನ್ಯದ ಸೇವೆಯನ್ನು ಬಿಟ್ಟು, ತಿಪಟೂರಿಗೆ ಹೊಂದಿಕೊಂಡ ಅರಸೀಕೆರೆ ತಾಲ್ಲೂಕಿನ ಜಾವಗಲ್‌ನಲ್ಲಿ ತೆಂಗು, ರೇಷ್ಮೆಗಳ ಕೃಷಿ ಮಾಡಿ, ೨೦೦೩ರಲ್ಲಿ ಏರ್ ಡೆಕ್ಕನ್ ಎಂಬ ಭಾರತದ ಪ್ರಥಮ ಅಗ್ಗದ ದರದ ವಿಮಾನಸಂಸ್ಥೆಯನ್ನು ಆರಂಭಿಸಿದರು. ಊಟ ಉಪಚಾರಗಳನ್ನು ಟಿಕೇಟಿನಿಂದ ಬೇರ್ಪಡಿಸಿ ಸಾಮಾನ್ಯ ಜನರಿಗೆ ಆಕಾಶದ ಬಾಗಿಲು ತೆರೆಯಬೇಕೆಂಬುದು ಅವರ ಸಂಕಲ್ಪವಾಗಿತ್ತು. ಆ ಸಂಸ್ಥೆಯು ಮುಂದೆ ಬೇರೆಯವರ ಕೈಸೇರಿ ಹೆಸರನ್ನು ಕಳೆದುಕೊಂಡರೂ ಅದು ಹಾಕಿಕೊಟ್ಟ ಮಾರ್ಗ ಉಳಿಯಿತು. ೨೦೦೫ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕೊಲ್ಲಿ ದೇಶಗಳಿಗೆ ಅಗ್ಗದ ಹಾರಾಟವನ್ನು ಪ್ರಾರಂಭಿಸಿತು. ೨೦೦೬ರಲ್ಲಿ ಹುಟ್ಟಿದ ಇಂಡಿಗೋ ೨೦೧೧ರಲ್ಲಿ ವಿದೇಶಗಳಿಗೂ ಹಾರಿತು. ತೋಟದ ಮನೆಯ ಅಜ್ಜಿ ಇಂದು ಮೊಮ್ಮಗುವನ್ನು ನೋಡಲು ಸಮುದ್ರ ದಾಟುತ್ತಿದ್ದಾಳೆಂದರೆ ಈ ಅಗ್ಗದ ಟಿಕೇಟಿನ ಉಪಕಾರವನ್ನು ನಾವು ಮರೆಯಬಾರದು.

ಆಕಾಶದ ಅಡಿಗೆಮನೆ

ವಿಮಾನದಲ್ಲಿ ಅಡಿಗೆ ಮಾಡುವುದಿಲ್ಲ. ನಿಲ್ದಾಣದ ಸಮೀಪದ ದೊಡ್ಡ ಅಡಿಗೆಮನೆಯಲ್ಲಿ ಹಲವು ಗಂಟೆಗಳ ಮೊದಲೇ ಬೇಯಿಸಿ, ಕೂಡಲೇ ತಣಿಸಿ, ಶೀತದಲ್ಲಿಟ್ಟು ತಂದ ಪೊಟ್ಟಣಗಳನ್ನು ಮೇಲೆ ಬಿಸಿಗಾಳಿಯ ಒಲೆಯಲ್ಲಿ ಕಾಯಿಸಿ ಕೊಡುತ್ತಾರೆ. ಅಗ್ಗದ ದರದ ವಿಮಾನಗಳಲ್ಲಿ ಇದಕ್ಕೂ ಅವಕಾಶ ಕಡಿಮೆ. ಸುಮಾರು ೧೮೦ ಆಸನಗಳನ್ನು ಒತ್ತೊತ್ತಾಗಿ ಜೋಡಿಸಿರುವುದರಿಂದ ಅಡಿಗೆಯ ಮೂಲೆ ಕಿರಿದಾಗಿರುತ್ತದೆ. ಒಂದು ಊರಿನಲ್ಲಿ ಇಳಿದ ವಿಮಾನವು ಅರ್ಧ ಗಂಟೆಯ ಆಸುಪಾಸಿನಲ್ಲಿ ಮತ್ತೆ ಹೊರಡಬೇಕಾಗಿರುತ್ತದೆ. ಹೊತ್ತೊಯ್ಯುವ ಪ್ರತಿಯೊಂದು ಸೇರಿನ ತೂಕಕ್ಕೂ ಇಂಧನ ಸುಡಬೇಕು. ಮಾರಾಟವಾಗದೆ ಉಳಿದ ಊಟ ನಷ್ಟದ ಬಾಬ್ತು. ಆದುದರಿಂದ ಅವರು ಮೊದಲೇ ಕಾದಿರಿಸಿದವರ ಊಟವನ್ನೂ ಅದರ ಮೇಲೆ ಕೆಲವೇ ಹೆಚ್ಚಿನ ಪೊಟ್ಟಣಗಳನ್ನೂ ಮಾತ್ರ ಇಟ್ಟುಕೊಂಡಿರುತ್ತಾರೆ. ಉಳಿದಂತೆ ಬಿಸಿನೀರು ಸುರಿದು ಮುಚ್ಚಿಟ್ಟರೆ ಸಿದ್ಧವಾಗುವ ಉಪ್ಪಿಟ್ಟು, ಅವಲಕ್ಕಿ, ಶ್ಯಾವಿಗೆಯ ಬಟ್ಟಲುಗಳು, ಹುರಿದ ಗೋಡಂಬಿ, ಬಿಸ್ಕತ್ತು, ಡಬ್ಬಿಯ ಹಣ್ಣಿನ ರಸ. ಇಂತಹ ಸಿದ್ಧ ತಿನಿಸುಗಳಲ್ಲಿ ಉಪ್ಪಿನ ಅಂಶ ಹೆಚ್ಚಾಗಿರುವುದು ಸಾಮಾನ್ಯ. ರಕ್ತದೊತ್ತಡವಿರುವವರು ಪೊಟ್ಟಣದ ಮೇಲಿನ ಬರಹವನ್ನು ಓದಿಸಿಕೊಳ್ಳುವುದು ಒಳಿತು.

ಅಲ್ಲಿಯ ಊಟ ಸಪ್ಪೆ ಎಂಬ ದೂರು ಎಲ್ಲರದೂ. ಅದು ಅಡಿಗೆಯವನ ದೋಷವಷ್ಟೇ ಅಲ್ಲ. ವಿಮಾನವು ಮೂವತ್ತು ಸಾವಿರ ಅಡಿಗಳಿಗೂ ಮೇಲೆ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಆರು ಸಾವಿರದಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಟ್ಟಿರುತ್ತಾರೆ. ಗಾಳಿಯಲ್ಲಿ ತೇವಾಂಶ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ. ಮೂಗು ಒಣಗುತ್ತದೆ, ಮೂಗು ಒಣಗಿದ ಮೇಲೆ ನಾಲಿಗೆ ಅರ್ಧ ಕುರುಡು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಲುಫ್ತಾನ್ಸಾ ವಿಮಾನಸಂಸ್ಥೆಗಾಗಿ ೨೦೧೦ರ ಸುಮಾರಿಗೆ ಪರೀಕ್ಷೆ ನಡೆಸಿ, ಅಂತಹ ವಾತಾವರಣದಲ್ಲಿ ಉಪ್ಪಿನ ರುಚಿ ನೂರಕ್ಕೆ ೨೦ರಿಂದ ೩೦ರಷ್ಟೂ, ಸಿಹಿಯ ರುಚಿ ೧೫ರಿಂದ ೨೦ರಷ್ಟೂ ಕುಂದಿ ತೋರುತ್ತದೆಂದು ಕಂಡುಕೊಂಡರು. ಕಾಫಿ ಚಹಗಳ ಸಪ್ಪೆಗೂ ಕಾರಣವಿದೆ. ಎಂಟು ಸಾವಿರ ಅಡಿಯ ಒತ್ತಡದಲ್ಲಿ ನೀರು ಸುಮಾರು ೯೨ ಡಿಗ್ರಿಗೇ ಕುದಿದುಬಿಡುತ್ತದೆ. ಆ ಬಿಸಿಗೆ ಚಹದ ಎಲೆ ತನ್ನ ಸಾರವನ್ನು ಪೂರ್ತಿಯಾಗಿ ಬಿಡುವುದಿಲ್ಲ. ತೆಂಗಿನ ಸೀಮೆಯಲ್ಲಿ ಎಳನೀರಿನ ಮಾಧುರ್ಯಕ್ಕೆ ಒಗ್ಗಿದ ನಾಲಿಗೆಗೆ ಆ ಪಾನೀಯ ಯಾವ ಶಿಕ್ಷೆಯೆಂದು ಬೇರೆ ಹೇಳಬೇಕಾಗಿಲ್ಲ.

ಒಂದು ಪ್ರಸಂಗ

ಕೆಲವು ವರ್ಷಗಳ ಹಿಂದೆ ದುಬೈಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಉಪನ್ಯಾಸಕ್ಕೆಂದು ನಮ್ಮನ್ನು ಆಹ್ವಾನಿಸಿದ್ದವು. ಅದೇ ವಿಮಾನದಲ್ಲಿ ತುರುವೇಕೆರೆಯ ಕಡೆಯ ವೃದ್ಧ ದಂಪತಿಗಳು ಮಗಳ ಬಾಣಂತನಕ್ಕೆ ಹೊರಟಿದ್ದರು. ತಾಯಿಗೆ ಸಕ್ಕರೆ ಕಾಯಿಲೆ. ನಿಲ್ದಾಣದ ಅಂಗಡಿಯಲ್ಲಿ ದೋಸೆಯ ಬೆಲೆಯನ್ನು ಕೇಳಿಯೇ ಅವರು ಹಿಂದೆ ಸರಿದಿದ್ದರು. ‘ವಿಮಾನದಲ್ಲಿ ಕೊಡ್ತಾರಲ್ಲ’ ಎಂಬ ಧೈರ್ಯ ಬೇರೆ. ಪ್ರತಿದಿನದ ವೇಳೆಗೆ ಸರಿಯಾಗಿ, ಬೆಳಗಿನ ಐದೂವರೆಗೆ, ಬರಿಯ ಹೊಟ್ಟೆಯಲ್ಲಿ ಮಾತ್ರೆಯನ್ನು ನುಂಗಿದ್ದರು. ವಿಮಾನವು ನೆಲದ ಮೇಲೆಯೇ ಒಂದೂವರೆ ಗಂಟೆ ತಡಮಾಡಿತು.

ಮೇಲೇರಿದ ನಂತರ ತಿಂಡಿಯ ಗಾಡಿಯು ಮುಂಭಾಗದಿಂದ ನಿಧಾನವಾಗಿ ಬಂದು ಇಪ್ಪತ್ತನಾಲ್ಕನೆಯ ಸಾಲಿನಲ್ಲಿದ್ದ ನಮ್ಮನ್ನು ತಲುಪುವ ವೇಳೆಗೆ ಸಸ್ಯಾಹಾರವೆಲ್ಲ ಮುಗಿದಿತ್ತು. ಮಾಂಸದ ತಿನಿಸು ಮಾತ್ರ ಇದೆಯೆಂದು ಆ ಹುಡುಗಿ ಸಂಕೋಚದಿಂದಲೇ ಹೇಳಿದಳು. ಆ ತಾಯಿ ನಮ್ಮ ಕಡೆ ತಿರುಗಿ, “ಇಷ್ಟು ದುಡ್ಡು ತಗೊಂಡವ್ರೆ, ಒಂದು ತುತ್ತು ಇಕ್ಕಲ್ವಾ ಶಾಸ್ತ್ರಿಗಳೇ?” ಎಂದರು. ಅದು ದೂರಿನ ಧ್ವನಿಯಲ್ಲ, ನಂಬಲಾಗದ ಆಶ್ಚರ್ಯ. ಸ್ವಲ್ಪ ಹೊತ್ತಿನಲ್ಲಿಯೇ ಅವರ ಯಜಮಾನರು ನಮ್ಮ ತೋಳನ್ನು ಮುಟ್ಟಿ, “ಇವಳ ಕೈ ತಣ್ಣಗಾಗಿದೆ, ಬೆವರ್ತಾ ಅವಳೆ, ಮಾತು ತೊದಲ್ತಾ ಐತೆ” ಎಂದರು.

ರಕ್ತದಲ್ಲಿ ಸಕ್ಕರೆ ಇಳಿದುದರ ಲಕ್ಷಣಗಳವು. ನಮ್ಮ ಕೈಚೀಲದಲ್ಲಿ ರಾಗಿಯ ಹುರಿಹಿಟ್ಟು, ಬೆಲ್ಲ ಇದ್ದವು. ಬೆಲ್ಲವನ್ನು ಮುರಿದು ಕೊಟ್ಟರೆ ಆ ತಾಯಿ ಕೈಯಲ್ಲಿ ಹಿಡಿದುಕೊಂಡೇ ಕುಳಿತರು. ಬೆಳಗಿನ ಲಿಂಗಪೂಜೆ ಆಗಿರಲಿಲ್ಲ. ಪೂಜೆಯಿಲ್ಲದೆ ಬಾಯಿಗೆ ಏನನ್ನೂ ಹಾಕಿದವರಲ್ಲ. “ತಾಯಿ, ಲಿಂಗಯ್ಯ ನಿಮ್ಮ ಎದೆಯ ಮೇಲೆಯೇ ಇದ್ದಾನೆ. ಕಣ್ಣಿಗೊತ್ತಿಕೊಂಡು, ಅರ್ಪಿಸಿ ಬಾಯಿಗೆ ಹಾಕಿಕೊಳ್ಳಿ. ಉಳಿದ ಪೂಜೆ ಮಗಳ ಮನೆಯಲ್ಲಿ ಆಗಲಿ” ಎಂದೆವು. ಹಾಗೆಯೇ ಮಾಡಿದರು. ಅಷ್ಟರಲ್ಲಿ ಆ ಗಗನಸಖಿಯು ಓಡಿ ಹೋಗಿ ಸಕ್ಕರೆಯ ಪೊಟ್ಟಣಗಳನ್ನೂ ಒಂದು ಲೋಟ ಬಿಸಿನೀರನ್ನೂ ತಂದಳು. ಬಿಸಿನೀರಿನಲ್ಲಿ ಹುರಿಹಿಟ್ಟು ಕಲಸಿ ಕುಡಿಸಿದ್ದಾಯಿತು. ಕಾಲು ಗಂಟೆಯಲ್ಲಿ ಮುಖಕ್ಕೆ ಕಳೆ ಬಂದಿತು. ಹಣ ಕೊಡಲು ಹೋದರೆ ಆ ಹುಡುಗಿ ತೆಗೆದುಕೊಳ್ಳಲಿಲ್ಲ. “ಅಜ್ಜಿ ಚೆನ್ನಾಗಿದ್ದರೆ ಸಾಕು” ಎಂದಳು. ನಿಯಮ ಯಾವುದಾದರೂ ಇರಲಿ, ನಿಯಮವನ್ನು ನಡೆಸುವವರಲ್ಲಿ ಅಂತಃಕರಣವಿದ್ದರೆ ಅಲ್ಲಿಯೂ ದಾಸೋಹ ನಡೆಯುತ್ತದೆ. ಆದರೆ ಮತ್ತೊಬ್ಬರ ಅಂತಃಕರಣವನ್ನೇ ನೆಚ್ಚಿ ಹಿರಿಯರನ್ನು ಕಳುಹಿಸುವುದು ವಿವೇಕವೆನಿಸದು.

ಹಾರಲಾಗದ ಕೊಬ್ಬರಿ

ಬುತ್ತಿಯನ್ನು ಕಟ್ಟೋಣವೆಂದರೆ ನಮ್ಮ ನಾಡಿನವರಿಗೆ ಮೊದಲು ಎದುರಾಗುವ ವಿಘ್ನವೇ ಕೊಬ್ಬರಿ. ಮಗನಿಗೆಂದು ಅಟ್ಟದಿಂದ ಆರಿಸಿ ತೆಗೆದ ಹತ್ತು ಗಿಟುಕು ಕೊಬ್ಬರಿಯನ್ನು ವಿಮಾನನಿಲ್ದಾಣದ ತಪಾಸಣೆಯವರು ತೆಗೆಸಿಬಿಡುತ್ತಾರೆ. ಅನೇಕರು ಇದನ್ನು ಅಪಮಾನವೆಂದು ಭಾವಿಸಿ ನೊಂದುಕೊಳ್ಳುವುದುಂಟು. ಕಾರಣವನ್ನು ತಿಳಿದರೆ ನೋವು ಕಡಿಮೆಯಾದೀತು. ಒಣ ಕೊಬ್ಬರಿಯಲ್ಲಿ ನೂರಕ್ಕೆ ಅರುವತ್ತಕ್ಕಿಂತ ಹೆಚ್ಚು ಎಣ್ಣೆಯಿರುತ್ತದೆ. ಸರಿಯಾಗಿ ಒಣಗದ ಕೊಬ್ಬರಿಯನ್ನು ರಾಶಿ ಹಾಕಿದಾಗ ತೇವದಿಂದಲೂ ಗಾಳಿಯ ಸಂಪರ್ಕದಿಂದಲೂ ಒಳಗೇ ಕಾವು ಹುಟ್ಟಿ, ಆ ಕಾವು ಹೊರಹೋಗಲಾರದೆ ಹೆಚ್ಚುತ್ತ, ಕಡೆಗೆ ತಾನೇ ಹೊತ್ತಿಕೊಳ್ಳಬಲ್ಲದು. ಆದುದರಿಂದ ವಿಶ್ವಸಂಸ್ಥೆಯ ಅಪಾಯಕರ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ ೧೩೬೩ ಎಂಬ ಸಂಖ್ಯೆಯನ್ನು ಕೊಟ್ಟು, ತಾನಾಗಿ ಉರಿಯಬಲ್ಲ ವಸ್ತುಗಳ ವರ್ಗದಲ್ಲಿ ಇರಿಸಿದ್ದಾರೆ. ನಮ್ಮ ಅಟ್ಟದಲ್ಲಿ ವರ್ಷಗಟ್ಟಲೆ ಆರಿದ ಉಂಡೆ ಕೊಬ್ಬರಿಗೂ, ಬೇರೆಡೆಯ ಹಸಿ ಕೊಬ್ಬರಿಗೂ ವ್ಯತ್ಯಾಸವಿದೆಯೆಂದು ನಾವು ಬಲ್ಲೆವು. ನಿಯಮ ಆ ವ್ಯತ್ಯಾಸವನ್ನು ನೋಡುವುದಿಲ್ಲ.

ಇಡೀ ತೆಂಗಿನಕಾಯಿಗೂ ಕೈಚೀಲದಲ್ಲಿ ಪ್ರವೇಶವಿಲ್ಲ. ಶಬರಿಮಲೆಯ ಯಾತ್ರಿಕರು ಇರುಮುಡಿಯಲ್ಲಿ ಕಾಯಿಯನ್ನು ಒಯ್ಯಲು ೨೦೨೪ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ವಿಶೇಷ ಅನುಮತಿಯನ್ನು ನೀಡಬೇಕಾಯಿತು. ಅದೂ ೨೦೨೫ರ ಜನವರಿ ೨೦ರವರೆಗೆ ಮಾತ್ರ, ತಪಾಸಣೆಗೆ ಒಳಪಟ್ಟು. ಪೂಜೆಗೆ ಸಲ್ಲುವ ಕಾಯಿಗೂ ಇಷ್ಟು ವಿಚಾರಣೆ ಇದೆಯೆಂದಮೇಲೆ ಸಾಂಬಾರಿನ ಕಾಯಿಗೆ ರಿಯಾಯಿತಿಯನ್ನು ನಿರೀಕ್ಷಿಸಲಾಗದು.

ಇನ್ನೊಂದು ಎಚ್ಚರಿಕೆಯನ್ನು ತಾಯಂದಿರು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬೇಕು. ಬಾಣಂತಿಗೆ, ಮಗುವಿನ ನಿದ್ರೆಗೆ, ಪಾಯಸಕ್ಕೆ ನಮ್ಮ ಮನೆಗಳಲ್ಲಿ ಗಸಗಸೆ ಬೇಕೇ ಬೇಕು. ಆದರೆ ಗಸಗಸೆಯು ಅಫೀಮಿನ ಗಿಡದ ಬೀಜ. ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯ ಮುಂತಾದ ದೇಶಗಳಲ್ಲಿ ಅದನ್ನು ಮಾದಕ ವಸ್ತುಗಳ ಸಾಲಿನಲ್ಲಿ ಎಣಿಸುತ್ತಾರೆ. ಒಂದು ಹಿಡಿ ಗಸಗಸೆ ಸೆರೆಮನೆಗೆ ದಾರಿಯಾಗಬಹುದು. ಗಸಗಸೆ ಬೆರೆಸಿದ ಸಾರಿನ ಪುಡಿಯನ್ನೂ ಒಯ್ಯಬಾರದು. ತೋಟದ ವೀಳ್ಯದೆಲೆಯ ಕವಳಿಗೆಯೂ ದುಬೈಯಲ್ಲಿ ನಿಷಿದ್ಧ. ಊರಿನಲ್ಲಿ ಮಂಗಳದ್ರವ್ಯವಾದದ್ದು ಪರದೇಶದಲ್ಲಿ ಅಪರಾಧವಾಗುವುದೂ ಉಂಟು. ಹೊರಡುವ ದೇಶದ ಕಟ್ಟಳೆಯನ್ನು ಮಕ್ಕಳಿಂದ ಕೇಳಿ ತಿಳಿಯದೆ ಗಂಟು ಕಟ್ಟಬಾರದು.

ಉಪ್ಪಿನಕಾಯಿ, ತುಪ್ಪ, ಮೊಸರು, ಗೊಜ್ಜುಗಳು ದ್ರವಗಳ ಲೆಕ್ಕಕ್ಕೆ ಸೇರುತ್ತವೆ. ೨೦೦೬ರಲ್ಲಿ ಲಂಡನ್ನಿನಲ್ಲಿ ದ್ರವಸ್ಫೋಟಕದ ಸಂಚೊಂದು ಬಯಲಾದ ಮೇಲೆ, ವಿದೇಶಕ್ಕೆ ಹೋಗುವವರು ಕೈಚೀಲದಲ್ಲಿ ೧೦೦ ಮಿಲಿಲೀಟರಿಗಿಂತ ದೊಡ್ಡ ದ್ರವದ ಸೀಸೆಯನ್ನು ಒಯ್ಯಬಾರದೆಂಬ ನಿಯಮ ಬಂದಿತು. ಹಾಗೆಂದು ನೀರಿಲ್ಲದೆ ಹೋಗಬೇಕಾಗಿಲ್ಲ. ಖಾಲಿ ಬಾಟಲಿಯನ್ನು ಒಯ್ದು ತಪಾಸಣೆಯಾದ ನಂತರ ನಿಲ್ದಾಣದ ಕುಡಿಯುವ ನೀರಿನ ನಲ್ಲಿಯಲ್ಲಿ ತುಂಬಿಸಿಕೊಳ್ಳಬಹುದು. ಕೆಲವು ವಿದೇಶೀ ಅಗ್ಗದ ವಿಮಾನಗಳಲ್ಲಿ ನೀರನ್ನೂ ಮಾರುವುದರಿಂದ ಈ ಒಂದು ಉಪಾಯವು ಬಹಳ ಉಪಯುಕ್ತ.

ಸಸ್ಯಾಹಾರದ ಸಂಕೇತಗಳು

ಶಾಕಾಹಾರವ್ರತದ ಕುಟುಂಬಗಳು ಟಿಕೇಟು ಕೊಳ್ಳುವಾಗಲೇ ಊಟವನ್ನೂ ಕಾದಿರಿಸುವುದು ಉತ್ತಮ. ಸಾಮಾನ್ಯವಾಗಿ ಬೆಲೆಯೂ ಕಡಿಮೆ. ಮುಗಿದುಹೋಯಿತೆಂಬ ಭಯವೂ ಇಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಅಂತರರಾಷ್ಟ್ರೀಯ ವಿಮಾನಸಂಸ್ಥೆಗಳು ಊಟಗಳನ್ನು ನಾಲ್ಕಕ್ಷರದ ಸಂಕೇತಗಳಿಂದ ಗುರುತಿಸುತ್ತವೆ. ‘ಎಚ್.ಎನ್.ಎಂ.ಎಲ್.’ ಎಂದರೆ ಹಿಂದೂ ಊಟ. ಹೆಸರನ್ನು ನಂಬಿ ಅದನ್ನು ಬರೆಯಿಸಿದವರ ಮುಂದೆ ಮಾಂಸದ ತಟ್ಟೆ ಬಂದು ಕುಳಿತುಕೊಳ್ಳಬಹುದು. ಗೋಮಾಂಸ ಇರುವುದಿಲ್ಲವೆಂದು ಅದರ ಅರ್ಥವೇ ಹೊರತು ಸಸ್ಯಾಹಾರವೆಂದಲ್ಲ. ನಮಗೆ ಒಪ್ಪುವುದು ‘ಎ.ವಿ.ಎಂ.ಎಲ್.’ ಎಂಬ ಭಾರತೀಯ ಸಸ್ಯಾಹಾರ. ‘ವಿ.ಎಲ್.ಎಂ.ಎಲ್.’ ಎಂಬ ಪಾಶ್ಚಾತ್ಯ ಸಸ್ಯಾಹಾರದಲ್ಲಿ ಮೊಟ್ಟೆ ಇರಬಹುದು. ನೀರುಳ್ಳಿ ಬೆಳ್ಳುಳ್ಳಿಗಳನ್ನು ಬಿಟ್ಟವರಿಗೆ ‘ವಿ.ಜೆ.ಎಂ.ಎಲ್.’ ಎಂಬ ಜೈನ ಊಟ ಸೂಕ್ತ. ಅಗ್ಗದ ವಿಮಾನಗಳಲ್ಲಿ ಇಷ್ಟು ಆಯ್ಕೆಗಳು ಇರುವುದಿಲ್ಲ. ಅಲ್ಲಿ ತಿನಿಸಿನ ಪಟ್ಟಿಯನ್ನೇ ನೋಡಿ ಆರಿಸಬೇಕು. ನಮ್ಮ ದೇಶದ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆಯ ಗುರುತಿರುತ್ತದೆ. ಹೊರದೇಶದಲ್ಲಿ ತಯಾರಾದವುಗಳ ಮೇಲೆ ಆ ಗುರುತನ್ನು ನಿರೀಕ್ಷಿಸಬಾರದು. ಬೆಲೆಯನ್ನು ನಗದಾಗಿ ತೆಗೆದುಕೊಳ್ಳುತ್ತಾರೋ, ಕಾರ್ಡು ಮಾತ್ರ ಸಲ್ಲುತ್ತದೆಯೋ ಎಂಬುದನ್ನೂ ಮುಂಚೆಯೇ ವಿಚಾರಿಸಿಟ್ಟುಕೊಂಡಿರಬೇಕು.

ಹೊಸ ಕಾಲದ ಬುತ್ತಿ

ಹೊರಗಿನ ತಿಂಡಿಯನ್ನು ವಿಮಾನದೊಳಗೆ ತಿನ್ನಬಾರದೆಂಬ ನಿಯಮ ಕೆಲವು ಸಂಸ್ಥೆಗಳಲ್ಲಿದೆ. ಅಂತಹ ಕಡೆ ನಿಲ್ದಾಣದಲ್ಲಿಯೇ ಬುತ್ತಿಯನ್ನು ಬಿಚ್ಚಿ ಉಂಡು ಹತ್ತುವುದು ಸರಿಯಾದ ಮಾರ್ಗ. ಕಾಯಿಲೆಯಿರುವವರು ವೈದ್ಯರ ಚೀಟಿಯನ್ನು ತೋರಿಸಿ ವಿನಯದಿಂದ ಕೇಳಿದರೆ ಒಂದು ತುತ್ತಿಗೆ ಯಾರೂ ಅಡ್ಡಿ ಮಾಡುವುದಿಲ್ಲವೆಂದು ನಂಬಬಹುದು. ಬುತ್ತಿಯಲ್ಲಿ ಏನಿರಬೇಕು? ಎರಡು ಚಪಾತಿ ಅಥವಾ ಒಣರೊಟ್ಟಿ, ಚಟ್ನಿಪುಡಿ, ಕೋಡುಬಳೆ, ನಿಪ್ಪಟ್ಟು, ಒಂದು ಸಣ್ಣ ಡಬ್ಬಿಯಲ್ಲಿ ರಾಗಿ ಹುರಿಹಿಟ್ಟು, ಬೆಲ್ಲದ ತುಂಡು. ನಮ್ಮ ಹಿರಿಯರು ನೇಗಿಲು ಹೊಡೆಯುವಾಗ ನೆಚ್ಚಿಕೊಂಡಿದ್ದ ಹುರಿಹಿಟ್ಟಿಗೆ ಒಲೆ ಬೇಡ, ಬಿಸಿನೀರಿದ್ದರೆ ಸಾಕು. ಪರಿಮಳ ಹರಡುವ, ಪಕ್ಕದವರಿಗೆ ಹಿಂಸೆಯಾಗುವ ಪದಾರ್ಥಗಳನ್ನು ಬಿಡುವುದು ಸಹಪ್ರಯಾಣಿಕರಿಗೆ ನಾವು ಸಲ್ಲಿಸುವ ಮರ್ಯಾದೆ. ಮಾತ್ರೆಗಳನ್ನು ದೊಡ್ಡ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಪ್ರಯಾಣದ ದಿನ ಯಾವ ಮಾತ್ರೆಯನ್ನು ಯಾವ ಹೊತ್ತಿಗೆ, ಯಾವ ಆಹಾರದ ಜೊತೆಗೆ ಎಂಬುದನ್ನು ವೈದ್ಯರಿಂದಲೇ ಬರೆಯಿಸಿಕೊಳ್ಳಬೇಕು. ನಿತ್ಯಪೂಜೆಯ ನೇಮವಿರುವವರು ಸ್ನಾನ ಪೂಜೆಗಳನ್ನು ಮುಗಿಸಿಯೇ ಮನೆಯಿಂದ ಹೊರಟರೆ ದಾರಿಯಲ್ಲಿ ಮನಸ್ಸಿಗೂ ಒಡಲಿಗೂ ಕಲಹ ಉಂಟಾಗದು.

ಕೊಬ್ಬರಿಯ ಗಿಟುಕು ವಿಮಾನವನ್ನೇರಲಾರದಾದರೂ ತೆಂಗು ಸೋತಿಲ್ಲ. ಇಡೀ ಕಾಯಿಯನ್ನೂ ಒಣ ಕೊಬ್ಬರಿಯನ್ನೂ ತಡೆಯುವ ನಿಯಮವು ಮನೆಯಲ್ಲಿ ಮಾಡಿದ ಕೊಬ್ಬರಿಮಿಠಾಯಿಗೆ, ಕಾಯಿಹೋಳಿಗೆಗೆ ಅನ್ವಯಿಸುವುದಿಲ್ಲ. ತಿಪಟೂರಿನ ಸುತ್ತಮುತ್ತ ಹಸಿಕಾಯಿಯ ತಿರುಳನ್ನು ತುರಿದು ಒಣಗಿಸಿ ಪುಡಿಮಾಡುವ ಕಾರ್ಖಾನೆಗಳು ಅನೇಕ ಇವೆ. ಅಂತಹ ಪುಡಿಯು ಬಿಸ್ಕತ್ತು, ಮಿಠಾಯಿಗಳಲ್ಲಿ ಸೇರಿ ದೇಶಾಂತರಗಳಿಗೆ ಹೋಗುತ್ತದೆ. ಯಾವುದೋ ವಿಮಾನದ ತಿಂಡಿಯ ಗಾಡಿಯಲ್ಲಿರುವ ಬಿಸ್ಕತ್ತಿನಲ್ಲಿ ಹೊನ್ನವಳ್ಳಿಯ ತೋಟದ ಕಾಯಿ ಇದ್ದರೂ ಇದ್ದೀತು.

ಆತ್ಮೀಯ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಹೊರನಾಡಿನಲ್ಲಿರುವ ಮಕ್ಕಳು ತಂದೆತಾಯಿಗಳಿಗೆ ಟಿಕೇಟು ಕಳುಹಿಸುವಾಗ ಅದರ ಜೊತೆಯಲ್ಲಿ ಒಂದು ಊಟವನ್ನೂ ಕಾದಿರಿಸಲಿ. ಅದರ ವಿವರವನ್ನು ಕನ್ನಡದಲ್ಲಿ ಒಂದು ಕಾಗದದ ಮೇಲೆ ಬರೆದು ಅವರ ಕೈಯಲ್ಲಿರಿಸುವ ಏರ್ಪಾಡು ಮಾಡಲಿ. ಊರಿನಲ್ಲಿರುವ ಸೊಸೆಯಂದಿರು, ಮೊಮ್ಮಕ್ಕಳು ಬುತ್ತಿಯನ್ನು ಕಟ್ಟಿಕೊಡಲಿ. ಪ್ರಯಾಣಿಸುವ ಹಿರಿಯರು ಹಸಿವನ್ನು ಸಂಕೋಚದಿಂದ ಮುಚ್ಚಿಡದೆ ಬಾಯಿಬಿಟ್ಟು ಕೇಳಲಿ. ಬುತ್ತಿ ಕಟ್ಟುವಾಗ ಪಕ್ಕದ ಆಸನದವರಿಗೂ ಒಂದು ತುತ್ತು ಹೆಚ್ಚಿಗೆ ಇರಲಿ. ಎತ್ತಿನ ಗಾಡಿಯ ಕಾಲಕ್ಕೆ ಸಲ್ಲುತ್ತಿದ್ದ ಆ ಲೆಕ್ಕ ವಿಮಾನದ ಕಾಲಕ್ಕೂ ಸಲ್ಲುತ್ತದೆ.